ಮುಂಬೈನ ಕುರ್ಲಾ ಕೋರ್ಟಲ್ಲಿ ನನ್ನ ಕೇಸಿನ ಮೊದಲನೇ ತಾರೀಕಿಗೆ, ಅಂದ್ರೆ ಮೊದಲ ಹಾಜರಿಗೆ, ನಾನು ರೆಡಿ ಆಗಿದ್ದು ಹೀಗೆ

ಕೇಸು ಏನು ಅಂತ ಮೊದ್ಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಏನೋ ದೊಡ್ಡ ಹಗರಣ ಅಂದ್ಕೋತೀರಿ. ನಂದೊಂದು ಟೆಂಪೋ ಇದೆ, ವಾಶಿ ಎಪಿಎಂಸಿಯಿಂದ ತರಕಾರಿ ತೆಂಗಿನಕಾಯಿ ಎತ್ಕೊಂಡು ಬಂದು ಚೆಂಬೂರು, ಘಾಟ್ಕೋಪರ್ ಕಡೆ ನಮ್ಮ ಉಡುಪಿ ಹೋಟೆಲುಗಳಿಗೆ ಹಾಕೋದು ಕೆಲಸ. ಒಂದಿನ ಬೆಳಿಗ್ಗೆ ಚೆಂಬೂರಲ್ಲಿ ಕ್ಲಚ್ ಪ್ಲೇಟ್ ಕೈ ಕೊಡ್ತು, ಗಾಡಿ ಅರ್ಧ ರಸ್ತೆ ಮೇಲೇ ನಿಂತ್ಬಿಡ್ತು, ನಾನು ಹಿಂದ್ಗಡೆ ಖಾಲಿ ಕ್ರೇಟ್ ಇಟ್ಟು ಇಂಡಿಕೇಟರ್ ಹಾಕಿ ಮೆಕ್ಯಾನಿಕ್ ಕರ್ಕೊಂಡು ಬರೋಕೆ ಹೋದೆ, ವಾಪಸ್ ಬರೋಷ್ಟ್ರಲ್ಲಿ ಪೊಲೀಸರು ಫೋಟೋ ಹೊಡೆದು ಆಗಿತ್ತು. ಇ-ಚಲನ್ ಬರುತ್ತೆ, ಕಟ್ಟಿದ್ರಾಯ್ತು ಅಂದ್ಕೊಂಡಿದ್ದೆ. ಚಲನ್ ಅಲ್ಲ, ಕೇಸೇ ಹಾಕಿದ್ರು, ಬಿಎನ್‌ಎಸ್ (ಹೊಸ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 285, ಸಾರ್ವಜನಿಕ ರಸ್ತೆಗೆ ಅಡ್ಡಿ. ಸ್ಟೇಷನ್ನಿಗೆ ಕರೆದು ನೋಟಿಸ್ ಕೊಟ್ಟು, ಹೇಳಿಕೆ ಬರ್ಕೊಂಡು ಕಳಿಸಿದ್ರು, ಅರೆಸ್ಟ್ ಗಿರೆಸ್ಟ್ ಏನಿಲ್ಲ. ಆಮೇಲೆ ತುಂಬಾ ದಿನ ಸದ್ದೇ ಇಲ್ಲ, ಒಂದಿನ ಮನೆಗೆ ಸಮನ್ಸ್ ಬಂತು.

ಸಮನ್ಸ್ ಬಂದಿದ್ದೇ ತಡ, ಸಲಹೆ ಕೊಡೋರಿಗೆ ಬರ ಇಲ್ಲ. ಎಲ್ಲರದ್ದೂ ಒಂದೇ ರಾಗ, "ಹೋಗು, ಕಬೂಲ್ ಅನ್ನು, ಅಂದ್ರೆ ತಪ್ಪು ಒಪ್ಕೋ, ದಂಡ ಬಿಸಾಕು, ಮಧ್ಯಾಹ್ನ ಊಟಕ್ಕೆ ಮನೇಲಿರ್ತೀಯ." ತಪ್ಪು ಸಲಹೆ ಅಂತ ನಾನೇನೂ ಹೇಳಲ್ಲ, ಎಷ್ಟೋ ಜನಕ್ಕೆ ಅದೇ ಸರಿ ಇರಬಹುದು, ಆದ್ರೆ ಕಬೂಲ್ ಅಂದ್ಮೇಲೆ ಏನಾಗುತ್ತೆ ಅಂತ ಕೇಳಿದ್ರೆ ಒಬ್ಬನಿಗೂ ಗೊತ್ತಿರಲಿಲ್ಲ. ಮೊದಲನೇ ತಾರೀಕಿಗೆ ನಿಜವಾಗಿ ತಯಾರಿ ಬೇಕಾಗಿರೋದು ಆ ಒಂದು ಪ್ರಶ್ನೆಗೆ ಮಾತ್ರ. ಬಾಕಿದ್ದೆಲ್ಲಾ ಕಾಗದ, ರೈಲು, ಕಾಯೋದು ಅಷ್ಟೇ.

ಮೊದ್ಲು ಸಮನ್ಸನ್ನೇ ಸರಿಯಾಗಿ ಓದಿ ಅಂತೀನಿ. ಮರಾಠಿಯಲ್ಲಿರುತ್ತೆ, ನಮ್ಮ ಮಗಳು ಇಲ್ಲೇ ಓದಿರೋದ್ರಿಂದ ಅವಳೇ ಓದಿ ಹೇಳಿದ್ಲು, "ಪಪ್ಪಾ, ರಹದಾರೀಸ್ ಅಡಥಳಾ ಅಂತ ಬರೆದಿದ್ದಾರೆ, ಟ್ರಾಫಿಕ್ಕಿಗೆ ಅಡ್ಡ ಅಂತ". ಕೇಸ್ ನಂಬರ್, ಯಾವ ಕೋರ್ಟ್ ರೂಮು, ಯಾವ ಸೆಕ್ಷನ್, ಘಟನೆ ನಡೆದ ದಿನ ಯಾವುದು, ಈ ನಾಲ್ಕೂ ನೋಡ್ಕೊಳ್ಳಿ. ಘಟನೆಯ ದಿನ ಯಾಕೆ ಅಂದ್ರೆ, ಹೊಸ ಕಾನೂನು ಬಂದಿದ್ದು 2024ರ ಜುಲೈ 1ಕ್ಕೆ. ಅದಕ್ಕೂ ಮುಂಚೆ ಆಗಿದ್ರೆ ಹಳೇ ಐಪಿಸಿ 283, ದಂಡ ಹೆಚ್ಚಂದ್ರೆ 200 ರೂಪಾಯಿ. ಆಮೇಲೆ ಆಗಿದ್ರೆ ಬಿಎನ್‌ಎಸ್ 285, ಅದ್ರಲ್ಲಿ 5,000 ರೂಪಾಯಿ ತನಕ ಹಾಕಬಹುದು. ಕೇಸು ಕೋರ್ಟಿಗೆ ಬಂದ ದಿನ ಲೆಕ್ಕಕ್ಕಿಲ್ಲ, ಗಾಡಿ ನಿಂತ ದಿನವೇ ಲೆಕ್ಕ. ನನ್ನದು ಹೊಸದರಲ್ಲೇ ಬಂತು. ಎರಡರಲ್ಲೂ ಜೈಲು ಇಲ್ಲ, ದಂಡ ಮಾತ್ರ, ಬೇಲ್ ಸಿಗೋ ಕೇಸೇ. ಇದನ್ನ ಮೊದ್ಲ ದಿನವೇ ಹೆಂಡ್ತಿಗೆ ಹೇಳಿಬಿಟ್ಟಿದ್ರೆ ಅವಳು ಊರಿಗೆ ಫೋನ್ ಮಾಡಿ ಅಮ್ಮನಿಗೆ ಗಾಬರಿ ಹುಟ್ಟಿಸೋದು ತಪ್ಪುತ್ತಿತ್ತು ಅನ್ನಿ.

ಇನ್ನೊಂದು, ಸಣ್ಣ ಕೇಸು ತಾನೆ ಅಂತ ಹೋಗ್ದೆ ಮಾತ್ರ ಇರಬೇಡಿ. ದಂಡ 50 ರೂಪಾಯಿದೇ ಆಗಿರಲಿ, ಸಮನ್ಸ್ ತಗೊಂಡು ಹೋಗ್ಲಿಲ್ಲ ಅಂದ್ರೆ ವಾರಂಟ್ ಬರುತ್ತೆ, ಮೊದ್ಲು ಬೇಲಬಲ್ಲು, ಆಮೇಲೆ ನಾನ್‌ ಬೇಲಬಲ್ಲು, ಆಗ ನೋಡಿ ಮಜಾ. ಬರೋಕೇ ಆಗಲ್ಲ ಅನ್ನೋ ಕಾರಣ ಇದ್ರೆ ವಕೀಲರ ಮೂಲಕ ಅರ್ಜಿ ಹಾಕಿಸಬಹುದು, ಬಿಡೋದು ಬಿಡದೇ ಇರೋದು ಮ್ಯಾಜಿಸ್ಟ್ರೇಟ್ ಮರ್ಜಿ.

ಇ-ಕೋರ್ಟ್ಸ್ ಅಂತ ಸರ್ಕಾರದ್ದೇ ಆಪ್ ಇದೆ, ಫ್ರೀ. ಕೇಸ್ ನಂಬರ್ ಇಲ್ಲಾ ಹೆಸರು ಹಾಕಿ ಹುಡುಕಿದ್ರೆ ಸಿಎನ್‌ಆರ್ ಅಂತ 16 ಅಕ್ಷರದ್ದೊಂದು ನಂಬರ್ ಸಿಗುತ್ತೆ, ಅದನ್ನ ಸೇವ್ ಮಾಡಿಟ್ಕೊಂಡ್ರೆ ಮುಂದಿನ ತಾರೀಕು, ಕೋರ್ಟ್ ರೂಮು ಎಲ್ಲಾ ಅಲ್ಲೇ ಕಾಣುತ್ತೆ. ನನ್ನ ಹೆಸರು ಸಮನ್ಸಲ್ಲಿ ಒಂದು ಥರ, ಆಪಲ್ಲಿ ಇನ್ನೊಂದು ಥರ ಇತ್ತು, ನಮ್ಮ ಕುಂದಾಪುರದ ಮನೆಹೆಸರು ಮರಾಠಿಗೆ ಹೋದ್ರೆ ಹಿಂಗೇ ಆಗೋದು, ಹೆಸರಿಂದ ಸಿಗ್ಲಿಲ್ಲ ಅಂತ ಗಾಬರಿ ಬೀಳದೆ ನಂಬರಿಂದ ಹುಡುಕಿ.

ವಕೀಲರು ಸಿಕ್ಕಿದ್ದು ಹೋಟೆಲ್ ಧಣಿ ಕಡೆಯಿಂದ, ಬೈಂದೂರು ಕಡೆಯವರು. ಹೋದ ತಕ್ಷಣ ಕಥೆ ಹೇಳೋಕೆ ಶುರು ಮಾಡಿದ್ರೆ ಅವರು ಕೈ ಎತ್ತಿ ನಿಲ್ಲಿಸಿದ್ರು. "ಕಥೆ ಆಮೇಲೆ ಮಾರಾಯ್ರೆ, ಪಾಸ್‌ಪೋರ್ಟ್ ರಿನ್ಯೂವಲ್ ಏನಾದ್ರೂ ಇದೆಯಾ?" ಇತ್ತು. ನನ್ನ ಭಾವ ಬಹ್ರೇನಲ್ಲಿ ಇದ್ದಾನೆ, ಬಾ ಬಾ ಅಂತಿದ್ದಾನೆ. ಅವರು ಹೇಳಿದ್ದು ಕೇಳಿ ನಂಗೇ ಆಶ್ಚರ್ಯ ಆಯ್ತು. ಕ್ರಿಮಿನಲ್ ಕೇಸು ಎಷ್ಟೇ ಸಣ್ಣದಿದ್ರೂ ಕೋರ್ಟಲ್ಲಿ ಬಾಕಿ ಇದೆ ಅಂದ್ರೆ ಪಾಸ್‌ಪೋರ್ಟಿಗೆ ಅದು ತೊಡಕು, ಅದೇ ಕೋರ್ಟಿಂದ ಪರ್ಮಿಶನ್ ತರಬೇಕಾಗುತ್ತೆ, 1993ರ ಆಗಸ್ಟಿನ ಸರ್ಕಾರಿ ಅಧಿಸೂಚನೆ ಪ್ರಕಾರ. ಅಂದ್ರೆ ಕೇಸು ಎಳೆದಷ್ಟೂ ಓಡಾಟ. ಆ ಕಡೆ ಕಬೂಲ್ ಅಂದ್ರೆ ಅವತ್ತೇ ಮುಗೀತು, ಆದ್ರೆ ಶಿಕ್ಷೆ ಆಯ್ತು ಅಂತ ರೆಕಾರ್ಡ್, ನಾಳೆ ಯಾವುದಾದ್ರೂ ಫಾರ್ಮಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದ್ರೆ ಇಲ್ಲ ಅಂತ ಬರೆಯೋ ಹಾಗಿಲ್ಲ. ಎರಡು ಕಡೆಗೂ ಖರ್ಚಿದೆ, ಯಾವ ಖರ್ಚು ನಿಮ್ಮ ಕೈಲಾಗುತ್ತೆ ನೋಡ್ಕೊಳ್ಳಿ ಅಂದ್ರು. ನಂಗೆ ಇಷ್ಟ ಆಗಿದ್ದೇ ಅದು, ಹಿಂಗೇ ಮಾಡಿ ಅಂತ ಹೇಳ್ಲಿಲ್ಲ.

ಅವರೇ ಹೇಳಿದ ಇನ್ನೊಂದು ವಿಷಯ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳೋ ಹೊಸ ಕಾನೂನು ಬಿಎನ್‌ಎಸ್‌ಎಸ್, ಅದರ ಸೆಕ್ಷನ್ 274ರಲ್ಲಿ ಒಂದು ಸಾಲು ಸೇರಿಸಿದ್ದಾರಂತೆ, ಆರೋಪಕ್ಕೆ ಬುಡವೇ ಇಲ್ಲ ಅಂತ ಮ್ಯಾಜಿಸ್ಟ್ರೇಟಿಗೆ ಅನ್ನಿಸಿದ್ರೆ ಕಾರಣ ಬರೆದು ಅಲ್ಲೇ ಬಿಡಬಹುದು. ಸಿಕ್ಕೇ ಸಿಗುತ್ತೆ ಅಂತಲ್ಲ, ಆದ್ರೆ ನಮ್ಮ ಕಡೆ ಕಾಗದ ಇದ್ರೆ ಯಾಕೆ ಕಬೂಲ್ ಅಂತ ಓಡಬೇಕು.

ಕಾಗದ ನಂದು ಇತ್ತು. ಮೆಕ್ಯಾನಿಕ್ ಹತ್ರ ಬಿಲ್ ಬುಕ್ ಇಲ್ಲ, ಅವನು ರಸ್ತೆ ಬದಿ ಕೂರೋನು, ಆದ್ರೆ ದುಡ್ಡು ಜಿಪೇ ಮಾಡಿದ್ದೆ. ಫೋನ್ ತೆಗೆದು ಹಿಂದೆ ಹಿಂದೆ ಸ್ಕ್ರೋಲ್ ಮಾಡಿದ್ರೆ ಅವತ್ತಿನ ಎಂಟ್ರಿ, 9:12ಕ್ಕೆ ಅಡ್ವಾನ್ಸು, ಅದರ ಕೆಳಗೆ ಸ್ಪೇರ್ ಪಾರ್ಟ್ ಅಂಗಡಿಗೆ ಕ್ಲಚ್ ಪ್ಲೇಟಿನ ದುಡ್ಡು. ಅಂಗಡಿಯವನ ಜಿಎಸ್‌ಟಿ ಬಿಲ್ಲು ಡ್ಯಾಶ್‌ಬೋರ್ಡಲ್ಲಿ ಎಣ್ಣೆ ಹಿಡ್ಕೊಂಡು ಬಿದ್ದಿತ್ತು, ಗಾಡಿ ನಂಬರೂ ಬರೆದಿದ್ದ, ಪುಣ್ಯಾತ್ಮ. ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ರೆ, ಸ್ಕ್ರೀನ್‌ಶಾಟ್ ಒಂದೇ ನಡೆಯಲ್ಲ, ಮುಂದೆ ಸಾಕ್ಷಿ ಅಂತ ಕೊಡೋದಾದ್ರೆ ಸರ್ಟಿಫಿಕೇಟ್ ಬೇಕಾಗುತ್ತೆ, ಬ್ಯಾಂಕಿಂದ ಸ್ಟೇಟ್‌ಮೆಂಟ್ ಸೀಲ್ ಹಾಕಿಸ್ಕೊಂಡು ಬನ್ನಿ, ಫೋನ್ ಮಾರಬೇಡಿ ಅಂದ್ರು. ಎಕ್ಸ್‌ಚೇಂಜಿಗೆ ಹಾಕಬೇಕು ಅಂತಿದ್ದ ಫೋನು, ಹಂಗೇ ಇಟ್ಕೊಂಡಿದೀನಿ.

ವಕೀಲರಿಗೆ ದುಡ್ಡು ಕೊಡೋಕೆ ಆಗಲ್ಲ ಅನ್ನೋರಿಗೆ ಒಂದು ಮಾತು, ಕಾನೂನು ಸೇವಾ ಪ್ರಾಧಿಕಾರ ಅಂತ ಇರುತ್ತೆ, ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನ ಕೊಡ್ತಾರೆ, ಬೇರೆಯವರಿಗೆ ಆದಾಯದ ಮಿತಿ ಇದೆ. ಹೆಲ್ಪ್‌ಲೈನ್ 15100. ನಮ್ಮ ಹೋಟೆಲ್ ಹುಡುಗರಲ್ಲಿ ಯಾರಿಗೂ ಇದು ಗೊತ್ತೇ ಇಲ್ಲ.

ಜಾಮೀನಿಗೆ ಬಂದೆ. ಇಂಥ ಕೇಸಲ್ಲಿ ಸಾಮಾನ್ಯವಾಗಿ ನಮ್ಮದೇ ಮುಚ್ಚಳಿಕೆ ಬರೆಸ್ಕೊಂಡು ಬಿಡ್ತಾರೆ, ಆದ್ರೂ ಜಾಮೀನುದಾರ ಬೇಕು ಅಂದ್ರೆ ಆ ಹೊತ್ತಲ್ಲಿ ಎಲ್ಲಿಗೆ ಓಡ್ತೀರಿ? ನಮ್ಮ ಕಡೆಯವರಿಗೆ ಮುಂಬೈಲಿ ಇದೇ ಕಷ್ಟ, ಸಂಬಂಧಿಕರೆಲ್ಲಾ ಊರಲ್ಲಿ. ನಾನು ಧಣಿಗೆ ಮೊದ್ಲೇ ಹೇಳಿದ್ದೆ. "ಧಣಿ, ಕರೆದ್ರೆ ಬರಬೇಕಾಗುತ್ತೆ" ಅಂದೆ. "ಬರ್ತೇನೆ, ಆದ್ರೆ ಮಧ್ಯಾಹ್ನದ ಊಟದ ಟೈಮಲ್ಲಿ ಕರಿಬೇಡ, ಗಲ್ಲಾದಲ್ಲಿ ಯಾರೂ ಇರಲ್ಲ" ಅಂದ್ರು. ಅವರ ಆಧಾರು, ರೇಷನ್ ಕಾರ್ಡು, ಟ್ಯಾಕ್ಸ್ ರಸೀದಿ, ಫೋಟೋ ಎಲ್ಲದರ ಜೆರಾಕ್ಸ್ ನನ್ನ ಫೈಲಲ್ಲೇ, ಒರಿಜಿನಲ್ ಅವರ ಹತ್ರ. ನನ್ನ ಆಧಾರು, ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು, ಸ್ವಲ್ಪ ಕ್ಯಾಶು. ಕ್ಯಾಶ್ ಮರೀಬೇಡಿ. ಕೋರ್ಟಿನ ಹೊರಗೆ "ಜಾಮೀನ್ ಚಾಹಿಯೇ ಕ್ಯಾ" ಅಂತ ಕೇಳ್ಕೊಂಡು ಬರೋ ಗುರುತಿಲ್ಲದೋರ ಸಹವಾಸ ಮಾತ್ರ ಬೇಡ.

ಅವತ್ತು ಮಾರ್ಕೆಟ್ ರಜಾ ಹಾಕಿ ಬೇಗನೇ ಹೋಗಿಬಿಟ್ಟೆ. ಬಾಗಿಲ ಹತ್ರ ಅಂಟಿಸಿರೋ ಬೋರ್ಡಲ್ಲಿ ನನ್ನ ನಂಬರ್ ನೋಡ್ಕೊಂಡೆ, ಒಳಗೆ ಕ್ಲರ್ಕಿಗೆ ಬಂದಿದ್ದೀನಿ ಅಂತ ಹೇಳ್ದೆ, ಫೋನ್ ಸ್ವಿಚಾಫ್ ಮಾಡಿ ಹಿಂದಿನ ಬೆಂಚಲ್ಲಿ ಕೂತೆ. ಅಲ್ಲಿ ಕೂತು ಬೇರೆಯವರದ್ದು ನೋಡೋದೇ ಒಳ್ಳೇ ತಯಾರಿ. ನನ್ನ ಪಕ್ಕ ಒಬ್ಬ ಹುಡುಗ, ಕುಡಿದು ಬೈಕ್ ಓಡಿಸಿದ ಕೇಸು. ಅವನಿಗೂ ಯಾರೋ ಕಬೂಲ್ ಅನ್ನು ಅಂತ ಹೇಳಿ ಕಳಿಸಿದ್ರು. ಅದು ಮೋಟಾರು ವಾಹನ ಕಾಯ್ದೆ 185, ಮೊದಲನೇ ಸಲಕ್ಕೇ 10,000 ದಂಡ, ಆರು ತಿಂಗಳ ತನಕ ಜೈಲೂ ಹಾಕಬಹುದು, ನನ್ನ ಕೇಸಿನ ಥರ ಅಲ್ಲ. ಅವನು ಕಬೂಲ್ ಅಂದ, ದಂಡದ ಜೊತೆ ಕೋರ್ಟ್ ಏಳೋ ತನಕ ಇಲ್ಲೇ ಕೂತಿರು ಅಂತ ಶಿಕ್ಷೆ ಆಯ್ತು. ನಂಗೆ ಇಂಟರ್‌ವ್ಯೂ ಇತ್ತು ಅಂಕಲ್ ಅಂತ ನನ್ನ ಹತ್ರ ಗೊಣಗ್ತಾ ಕೂತ, ನಾನೇನು ಮಾಡ್ಲಿ.

ನನ್ನ ಹೆಸರು ಕೂಗೋ ಹೊತ್ತಿಗೆ ವಕೀಲರು ಬೇರೆ ರೂಮಲ್ಲಿ ಸಿಕ್ಕಾಕ್ಕೊಂಡಿದ್ರು. ಹಿಂಗಾಗಬಹುದು ಅಂತ ಅವರೇ ಹೇಳಿದ್ರಿಂದ ಮರಾಠಿಯಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡ್ಕೊಂಡಿದ್ದೆ. ಎದ್ದು ಹೋಗಿ ಕೈ ಮುಗಿದು ನಿಂತೆ. ಮ್ಯಾಜಿಸ್ಟ್ರೇಟ್ ಮೇಡಂ ಫೈಲ್ ನೋಡ್ಕೊಂಡೇ ಆರೋಪ ಓದಿ ಹೇಳಿ "ಗುನ್ಹಾ ಕಬೂಲ್ ಆಹೇ ಕಾ?" ಅಂದ್ರು. ಕ್ಲಚ್ಚು, ಕ್ರೇಟು, ಜಿಪೇ ಎಲ್ಲಾ ನಾಲಿಗೆ ತುದಿಗೆ ಬಂತು. ನುಂಗ್ಕೊಂಡೆ, ಅಲ್ಲಿ ಕಥೆ ಹೇಳೋ ಜಾಗ ಅಲ್ಲ, ಹೇಳಿದ ಅರ್ಧ ಮಾತು ನಮಗೇ ತಿರುಗಬಹುದು. "ಮ್ಯಾಡಮ್, ಕಾಗದಪತ್ರಂ ಮಿಳಾಲೀ ನಾಹೀತ್, ವಾಚಾಯಲಾ ವೇಳ್ ದ್ಯಾವಾ" ಅಂದೆ, ಕಾಗದಪತ್ರ ಸಿಕ್ಕಿಲ್ಲ, ಓದೋಕೆ ಟೈಮ್ ಕೊಡಿ ಅಂತ. ಅವರು ತಲೆ ಎತ್ತಿ ನೋಡಿ, ಕಾಪಿ ಕೊಡಿ ಅಂತ ಕ್ಲರ್ಕಿಗೆ ಹೇಳಿ ತಾರೀಕು ಹಾಕಿದ್ರು. ಪೊಲೀಸ್ ಚಾರ್ಜ್‌ಶೀಟಿನ ಕಾಪಿ ಆರೋಪಿಗೆ ಪುಕ್ಕಟೆ ಕೊಡಲೇಬೇಕು, ಬಿಎನ್‌ಎಸ್‌ಎಸ್ 230 ಪ್ರಕಾರ ಹಾಜರಾಗಿ 14 ದಿನದ ಒಳಗೆ, ಇದಕ್ಕೆ ಯಾರಿಗೂ ದುಡ್ಡು ಕೊಡೋ ಅಗತ್ಯ ಇಲ್ಲ. ನನ್ನ ಮುಚ್ಚಳಿಕೆ ಮೇಲೇ ಬಿಟ್ರು, ಧಣಿಗೆ ಫೋನ್ ಮಾಡೋ ಪ್ರಮೇಯ ಬರಲಿಲ್ಲ.

ರಾತ್ರಿ ಮಗಳು ಕಾಪಿ ಪೂರ್ತಿ ಓದಿದ್ಲು. ಪಂಚನಾಮೆಯಲ್ಲಿ ಗಾಡಿ ನಿಂತ ಟೈಮು 9:30 ಅಂತ ಇದೆ, ನಾನು ಮೆಕ್ಯಾನಿಕ್ಕಿಗೆ ಅಡ್ವಾನ್ಸ್ ಹಾಕಿದ್ದೇ 9:12ಕ್ಕೆ, ಕ್ರೇಟಿನ ಸುದ್ದಿಯೇ ಇಲ್ಲ, ಆದ್ರೆ ಅವರೇ ಹೊಡೆದ ಫೋಟೋದಲ್ಲಿ ಕ್ರೇಟ್ ಎದ್ದು ಕಾಣ್ತಿದೆ. ವಕೀಲರಿಗೆ ವಾಟ್ಸಾಪ್ ಮಾಡಿದ್ರೆ "ಗುಡ್, ಕಬೂಲ್ ಬೇಡ" ಅಂತ ಎರಡೇ ಮಾತು ಬಂತು. ಭಾವನಿಗೆ ಫೋನ್ ಮಾಡಿ ಪಾಸ್‌ಪೋರ್ಟ್ ಸ್ವಲ್ಪ ಲೇಟಾಗುತ್ತೆ ಕಣೋ ಅಂತ ಹೇಳಿದ್ದಾಯ್ತು. ಮುಂದಿನ ತಾರೀಕು ಆಪಲ್ಲಿ ಬಂದಿದೆ, ಚೀಟಿಯಲ್ಲಿ ಬರ್ಕೊಂಡಿದ್ದಕ್ಕೆ ತಾಳೆ ಆಗುತ್ತಾ ಅಂತ ನೋಡಿದೆ, ಆಗುತ್ತೆ. ಸೋಮವಾರ ಬಿದ್ದಿದೆ, ಆ ದಿನದ ಲೋಡಿಗೆ ಬೇರೆ ಟೆಂಪೋ ಹುಡುಕಬೇಕು ಈಗ.