ಸಕ್ಕರೆ ಕಾಯಿಲೆಯ ಬೆಕ್ಕಿಗೆ ಹೊಟ್ಟೆ ಕೆಟ್ಟರೆ: ಮೊದಲು ಇನ್ಸುಲಿನ್ ವಿಚಾರ, ಆಮೇಲೆ ಹೊಟ್ಟೆಯದು

ಆರೋಗ್ಯವಾಗಿರುವ ಬೆಕ್ಕು ಒಮ್ಮೆ ವಾಂತಿ ಮಾಡಿಕೊಂಡರೆ ನೆಲ ಒರೆಸಿ ಸುಮ್ಮನಾಗಬಹುದು. ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕಿನ ವಿಷಯದಲ್ಲಿ ಹಾಗಾಗುವುದಿಲ್ಲ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೂ ಚುಚ್ಚಿದ ಇನ್ಸುಲಿನ್ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಆಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗಂತ ಹೆದರಿ ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ (ಮೈ ಸಕ್ಕರೆಯ ಬದಲು ಕೊಬ್ಬು ಉರಿಸಿದಾಗ ಹುಟ್ಟುವ ಆಮ್ಲ) ಏರುತ್ತದೆ. ಅದೂ ಜೀವಕ್ಕೇ ಕುತ್ತು. ಅದಕ್ಕೇ ವಾಂತಿಗೆ ಏನು ಕೊಡಲಿ ಎಂದು ಯೋಚಿಸುವ ಮೊದಲು, ಮುಂದಿನ ಇನ್ಸುಲಿನ್ ಏನು ಮಾಡಲಿ ಎಂದು ಯೋಚಿಸಬೇಕು.

ಬೆಕ್ಕು ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ

ಇಂಥ ತೊಂದರೆ ರಾತ್ರಿ ಹೊತ್ತಲ್ಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಮುಂದಿನ ಸಲ ಪಶುವೈದ್ಯರನ್ನು ಕಂಡಾಗ ಮೂರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ. ಅರ್ಧ ಊಟ ಮಾತ್ರ ತಿಂದರೆ ಎಷ್ಟು ಇನ್ಸುಲಿನ್ ಕೊಡಬೇಕು? ಏನೂ ತಿನ್ನದಿದ್ದರೆ? ಸಕ್ಕರೆ ಎಷ್ಟಕ್ಕಿಂತ ಕಡಿಮೆ ಇದ್ದರೆ ಕೊಡಲೇಬಾರದು? ಉತ್ತರ ಪ್ರತಿ ಬೆಕ್ಕಿಗೂ ಬೇರೆ. ಜೊತೆಗೆ ಗ್ಲುಕೋಮೀಟರ್, ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಮತ್ತು ಸ್ವಲ್ಪ ಜೇನುತುಪ್ಪ ಮನೆಯಲ್ಲಿರಲಿ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಿಮ್ಮ ಹತ್ತಿರ ಇರುವುದು ಯಾವುದು ಎಂದು ವೈದ್ಯರಿಗೆ ತಿಳಿಸಿ.

ಸೂಜಿಗೆ ಮೊದಲು

ಊಟ ಮೊದಲು, ಸೂಜಿ ಆಮೇಲೆ. ಹೊಟ್ಟೆ ಸರಿಯಿಲ್ಲದ ದಿನ ಈ ಕ್ರಮ ತಪ್ಪಲೇಬಾರದು. ಊಟ ಕೊಡಿ, ತಿಂದದ್ದು ನಿಲ್ಲುತ್ತದಾ ಎಂದು ಅರ್ಧ ಗಂಟೆ ನೋಡಿ, ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯಿರಿ. ಬೆಕ್ಕು ಏನೂ ತಿಂದಿಲ್ಲ, ವಾಂತಿ ನಿಂತಿಲ್ಲ, ವೈದ್ಯರೂ ಫೋನಿಗೆ ಸಿಗುತ್ತಿಲ್ಲ ಎಂದಾದರೆ ಆ ಒಂದು ಡೋಸ್ ಬಿಡುವುದೇ ವಾಸಿ. ಒಂದು ಡೋಸ್ ತಪ್ಪಿದರೆ ಆಗುವ ನಷ್ಟ ಕಡಿಮೆ. ಸಕ್ಕರೆ ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಆದರೆ ಎರಡನೇ ಡೋಸನ್ನೂ ನೀವೇ ನಿರ್ಧರಿಸಿ ಬಿಡಬೇಡಿ. ಅಷ್ಟರೊಳಗೆ ವೈದ್ಯರ ಜೊತೆ ಮಾತಾಡಿರಬೇಕು.

ಸೂಜಿ ಹಾಕಿದ ಮೇಲೆ ವಾಂತಿಯಾದರೆ? ಮತ್ತೆ ಇನ್ಸುಲಿನ್ ಕೊಡುವ ಮಾತೇ ಇಲ್ಲ. ಗಂಟೆಗೊಮ್ಮೆ ಸಕ್ಕರೆ ನೋಡುತ್ತಿರಿ. ಅದು 60 mg/dL (ಪ್ರತಿ ಡೆಸಿಲೀಟರ್ ರಕ್ತಕ್ಕೆ 60 ಮಿಲಿಗ್ರಾಂ) ಗಿಂತ ಕೆಳಗಿಳಿದರೆ, ಅಥವಾ ಬೆಕ್ಕು ತೂರಾಡಿದರೆ, ಮಂಕಾದರೆ, ಮೈ ಅದುರಿದರೆ ಒಸಡಿಗೆ ಜೇನುತುಪ್ಪ ಸವರಿ ತಕ್ಷಣ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಸಡಿಗೆ ಸವರಿದರೆ ಸಾಕು.

ಸಕ್ಕರೆ ಜಾಸ್ತಿ ಇದ್ದು ವಾಂತಿಯೂ ಇದ್ದರೆ ಮೂತ್ರದಲ್ಲಿ ಕೀಟೋನ್ ನೋಡಿ. ಪಟ್ಟಿಯ ಬಣ್ಣ ಬದಲಾದರೆ ಅದು ಮನೆಯಲ್ಲಿ ಸರಿಮಾಡುವ ವಿಷಯವಲ್ಲ. ಇನ್ಸುಲಿನ್ ಬದಲು ಬೆಕ್ಸಾಗ್ಲಿಫ್ಲೋಜಿನ್ ಅಥವಾ ವೆಲಾಗ್ಲಿಫ್ಲೋಜಿನ್ ಎಂಬ, ಬಾಯಿಗೆ ಕೊಡುವ ಔಷಧ ತೆಗೆದುಕೊಳ್ಳುವ ಬೆಕ್ಕುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಔಷಧಗಳಿಂದಲೇ ಮಲ ತೆಳುವಾಗುವುದುಂಟು. ಸಕ್ಕರೆಯ ಅಂಕಿ ಸರಿಯಾಗಿದ್ದರೂ ಕೀಟೋನ್ ಏರಬಹುದು. ಅಂಥ ಬೆಕ್ಕು ಊಟ ಬಿಟ್ಟ ದಿನ ಔಷಧ ಕೊಡದೆ, ಅವತ್ತೇ ವೈದ್ಯರಿಗೆ ಫೋನ್ ಮಾಡಿ.

ನೀರು, ಊಟ

ಸಕ್ಕರೆ ಕಾಯಿಲೆಯ ಬೆಕ್ಕು ಎಷ್ಟು ನೀರು ಕುಡಿದರೂ ಮೂತ್ರದಲ್ಲಿ ಕಳೆದುಕೊಳ್ಳುತ್ತದೆ. ಅದರ ಮೇಲೆ ವಾಂತಿ ಬೇಧಿ ಸೇರಿದರೆ ಮೈ ಬೇಗ ಒಣಗುತ್ತದೆ. ಬೆರಳಿನಿಂದ ಒಸಡು ಮುಟ್ಟಿ ನೋಡಿ. ಜಾರುವಂತೆ ಒದ್ದೆಯಾಗಿದ್ದರೆ ಸರಿ, ಅಂಟಂಟಾಗಿದ್ದರೆ ನೀರು ಸಾಲದು. ಕುತ್ತಿಗೆಯ ಚರ್ಮ ಎಳೆದು ಬಿಟ್ಟು ನೋಡುವುದನ್ನು ಎಲ್ಲರೂ ಹೇಳುತ್ತಾರೆ. ಆದರೆ ವಯಸ್ಸಾದ, ಸೊರಗಿದ ಬೆಕ್ಕಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಹಸಿ ಆಹಾರಕ್ಕೆ (ಡಬ್ಬಿ, ಪೊಟ್ಟಣದಲ್ಲಿ ಬರುವ ತೇವದ ಆಹಾರ, ಬೇಯಿಸದ ಮಾಂಸವಲ್ಲ) ಒಂದೆರಡು ಚಮಚ ನೀರು ಬೆರೆಸಿ ಕೊಡಿ. ಮಾಂಸ ಬೇಯಿಸಿದ ನೀರೂ ಆಗುತ್ತದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬಾರದು, ಅವೆರಡೂ ಬೆಕ್ಕಿಗೆ ವಿಷ.

‘ಒಂದು ದಿನ ಉಪವಾಸ ಹಾಕಿ’ ಎಂಬ ಸಲಹೆ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಂಡು ಯಕೃತ್ತೇ ಕೆಡಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ. ಅದು ದಿನಾ ತಿನ್ನುವ ಆಹಾರವನ್ನೇ ಮೈಯ ಬಿಸಿಯಷ್ಟು ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವೇ ಕೊಡಿ. ಬೆಚ್ಚಗಾದರೆ ವಾಸನೆ ಏಳುತ್ತದೆ, ಹಸಿವೂ ಮರಳುತ್ತದೆ. ಬಲವಂತವಾಗಿ ತುರುಕಬೇಡಿ. ವಾಕರಿಕೆ ಇರುವಾಗ ತುರುಕಿದ ಆಹಾರವನ್ನು ಬೆಕ್ಕು ಆಮೇಲೆ ಮೂಸಿಯೂ ನೋಡದೆ ಹೋಗಬಹುದು. ವಾಕರಿಕೆ ತಡೆಯುವ ಒಳ್ಳೆಯ ಔಷಧಗಳು ವೈದ್ಯರ ಹತ್ತಿರ ಇವೆ.

ಬೇಧಿ

ಬೆಕ್ಕು ಚುರುಕಾಗಿದ್ದು ತಿನ್ನುತ್ತಿದ್ದರೆ ಒಂದು ದಿನ ನೋಡಬಹುದು. ಇತ್ತೀಚೆಗೆ ಏನು ಬದಲಾಯಿತು ಎಂದು ಮೊದಲು ಹುಡುಕಿ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಕೂಡಲೇ ಒಣ ಆಹಾರ ಬಿಡಿಸಿ ರಾತ್ರೋರಾತ್ರಿ ಹಸಿ ಆಹಾರಕ್ಕೆ ಹೋಗುವವರಿದ್ದಾರೆ. ಕಾಳಜಿ ಸರಿ, ಆದರೆ ಅವಸರ ಹೊಟ್ಟೆ ಕೆಡಿಸುತ್ತದೆ. ಈ ಬದಲಾವಣೆಗೆ 7ರಿಂದ 10 ದಿನ ಬೇಕು. ಒಣ ಆಹಾರದಲ್ಲಿ ಹೆಚ್ಚಿರುವ ಹಿಟ್ಟಿನಂಶ (ಕಾರ್ಬೋಹೈಡ್ರೇಟ್) ಕಡಿಮೆಯಾದರೆ ಇನ್ಸುಲಿನ್ ಬೇಕಾಗುವ ಪ್ರಮಾಣವೂ ಇಳಿಯುತ್ತದೆ. ಆಹಾರ ಬದಲಿಸಿ ಡೋಸ್ ಹಾಗೇ ಇಟ್ಟರೆ ಸಕ್ಕರೆ ಕುಸಿಯಬಹುದು, ವೈದ್ಯರಿಗೆ ಹೇಳಿಯೇ ಶುರು ಮಾಡಿ.

ಬೇಧಿಗೆ ಅನ್ನ ಕೊಡುವ ರೂಢಿ ಇಲ್ಲಿ ಬೇಡ, ಸಕ್ಕರೆ ಏರುತ್ತದೆ. ಹಾಲೂ ಬೇಡ. ಬೆಕ್ಕುಗಳಿಗೆಂದೇ ಮಾಡಿದ ಪ್ರೋಬಯಾಟಿಕ್ ಪುಡಿಯನ್ನು ವೈದ್ಯರನ್ನು ಕೇಳಿ ಊಟದಲ್ಲಿ ಬೆರೆಸಬಹುದು.

ಮಲ ಕಟ್ಟಿಕೊಂಡರೆ

ಮೈಯಲ್ಲಿ ನೀರು ಕಡಿಮೆಯಾದಾಗ ಮಲ ಗಟ್ಟಿಯಾಗುತ್ತದೆ. ಸಕ್ಕರೆ ಹತೋಟಿಗೆ ಬಂದರೆ, ಹಸಿ ಆಹಾರ ಹೆಚ್ಚಾದರೆ ಎಷ್ಟೋ ಬೆಕ್ಕುಗಳಿಗೆ ತಾನಾಗಿಯೇ ಸರಿಹೋಗುತ್ತದೆ. ಸಿಹಿ, ಮಸಾಲೆ ಏನೂ ಹಾಕದೆ ಬೇಯಿಸಿ ಅರೆದ ಸಿಹಿಗುಂಬಳ ಒಂದು ಚಮಚ ಬೆರೆಸಬಹುದು. ನಾರಿನ ಪುಡಿ ಕೊಡುವುದಾದರೆ ನೀರಿನ ಜೊತೆಗೇ ಕೊಡಬೇಕು, ಇಲ್ಲದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಎರಡು ದಿನ ಮಲ ಹೋಗದಿದ್ದರೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಇಲ್ಲೊಂದು ಮುಖ್ಯ ವಿಷಯ. ಲಿಟರ್ ಬಾಕ್ಸಿನಲ್ಲಿ ಕೂತು ತಿಣುಕುವುದೆಲ್ಲ ಮಲಬದ್ಧತೆಯಲ್ಲ. ಅದು ಮೂತ್ರ ಬರದೆ ಪಡುವ ಕಷ್ಟವೂ ಇರಬಹುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಸಾಯಬಹುದು. ಮರಳಿನಲ್ಲಿ ಒದ್ದೆ ಉಂಡೆ ಕಾಣದಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ನಿಮ್ಮ ಔಷಧದ ಡಬ್ಬಿಯನ್ನು ದೂರವಿಡಿ

ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಮನುಷ್ಯರ ಬೇಧಿ ಮಾತ್ರೆ, ನೋವಿನ ಮಾತ್ರೆ ಯಾವುದೂ ಬೇಡ. ಫಾಸ್ಫೇಟ್ ಇರುವ ಎನಿಮಾ ಬೆಕ್ಕಿಗೆ ಪ್ರಾಣಾಂತಿಕ. ಬಾಯಿಗೆ ಎಣ್ಣೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವೈದ್ಯರೇ ಬರೆದುಕೊಟ್ಟ ಔಷಧವಾದರೂ ‘ಇದಕ್ಕೆ ಸಕ್ಕರೆ ಕಾಯಿಲೆ ಇದೆ’ ಎಂದು ನೆನಪಿಸಿ. ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ, ಕೆಲವು ಸಿರಪ್‌ಗಳಲ್ಲಿ ಸಕ್ಕರೆಯೇ ಇರುತ್ತದೆ.

ಮನೆಯಲ್ಲಿ ನಿಲ್ಲಬಾರದ ಹೊತ್ತು

24 ಗಂಟೆ ಏನೂ ತಿನ್ನದಿದ್ದರೆ, ವಾಂತಿ ಮತ್ತೆ ಮತ್ತೆ ಆಗುತ್ತಿದ್ದರೆ, ರಕ್ತ ಕಂಡರೆ, ಉಸಿರು ವೇಗವಾದರೆ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂದರೆ, ಮೈ ತಣ್ಣಗಾದರೆ ಆಸ್ಪತ್ರೆಗೆ ಹೋಗಲೇಬೇಕು. ಮೂಲೆಯಲ್ಲಿ ಸುಮ್ನೆ ಮುದುಡಿ ಕೂತಿದ್ದು ಊಟ ಮೂಸಿ ಬಿಡುತ್ತಿದ್ದರೂ ಅಷ್ಟೇ. ಮೇದೋಜೀರಕ ಗ್ರಂಥಿಯ ಉರಿಯೂತ ಸಕ್ಕರೆ ಕಾಯಿಲೆಯ ಬೆಕ್ಕುಗಳಲ್ಲಿ ಸಾಮಾನ್ಯ. ನಾಯಿಗಳ ಹಾಗೆ ಜೋರು ವಾಂತಿ ಇಲ್ಲದೆಯೂ ಅದು ಬೆಕ್ಕಿಗೆ ಬರುತ್ತದೆ. ಮಂಕುತನ, ಊಟ ಬೇಡವೆನ್ನುವುದು, ಹಲವು ಸಲ ಇಷ್ಟೇ ಲಕ್ಷಣ.

ಹೊರಡುವಾಗ ಕಳೆದ ಎರಡು ದಿನ ತಿಂದದ್ದು, ಇನ್ಸುಲಿನ್ ಕೊಟ್ಟ ಹೊತ್ತು ಮತ್ತು ಪ್ರಮಾಣ, ಸಕ್ಕರೆಯ ಅಂಕಿ, ವಾಂತಿ ಬೇಧಿಯ ಲೆಕ್ಕ ಬರೆದುಕೊಂಡು ಹೋಗಿ. ಮಲದ ಫೋಟೊ ತೆಗೆದುಕೊಳ್ಳಲು ಸಂಕೋಚ ಬೇಡ. ಹೊಟ್ಟೆ ಪದೇ ಪದೇ ಕೆಡುತ್ತಿದ್ದರೆ ಕರುಳಿನ ಉರಿಯೂತ, ಥೈರಾಯ್ಡ್ ಮತ್ತು ಬಿ12 ಕೊರತೆಯ ಪರೀಕ್ಷೆ ಬೇಕಾ ಎಂದು ಕೇಳಿ. ಹೊಟ್ಟೆ ಸರಿಯಾದ ಮೇಲೂ ವಾರದ ಮಟ್ಟಿಗೆ ಸಕ್ಕರೆಯನ್ನು ಮಾಮೂಲಿಗಿಂತ ಹೆಚ್ಚು ಸಲ ಅಳೆಯಿರಿ. ಕಾಯಿಲೆಯಲ್ಲಿದ್ದಾಗ ಬೇಕಾದಷ್ಟೇ ಇನ್ಸುಲಿನ್ ಗುಣವಾದ ಬೆಕ್ಕಿಗೆ ಬೇಕಾಗದೆ ಇರಬಹುದು.