ನಾಲ್ಕನೇ ಹೋಲ್‌ಗೆ ಓರೆ ಕೊಟ್ಟದ್ದು

ನಾನು ಮೊದಲು ಮಾಡುತ್ತಿದ್ದದ್ದು ಕಾಲುವೆ ಕೆಲಸ. ತುಂಗಭದ್ರಾ ಕಾಲುವೆಯ ಉಪಕಾಲುವೆಗಳಿಗೆ ಲೆವೆಲ್ ಹಿಡಿಯುವುದು, ಲೈನಿಂಗ್ ಮಾಡಿಸುವುದು. ಆಟೋ ಲೆವೆಲ್, ಸ್ಟಾಫ್, ಒಂದು ಛತ್ರಿ, ಇಷ್ಟೇ ನನ್ನ ಆಸ್ತಿ. ಗಾಲ್ಫ್ ಅಂದರೆ ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಕಣ್ಣಿಗೆ ಬೀಳುವ ಹಸಿರು, ಅಷ್ಟೆ. ಹೀಗಿರುವಾಗ 2023ರಲ್ಲಿ ಬಳ್ಳಾರಿ ಹತ್ತಿರದ ಒಂದು ಕ್ಲಬ್‌ನವರು (ಹೆಸರು ಬೇಡ ಬಿಡಿ) ಕರೆದು ತಮ್ಮ ಒಂಬತ್ತು ಹೋಲ್‌ಗಳ ಕೋರ್ಸ್ ತೋರಿಸಿದರು. "ಬ್ರೌನ್ ತೆಗೆದು ಗ್ರೀನ್ ಮಾಡಬೇಕು. ಮಣ್ಣಿನ ಕೆಲಸ ತಾನೇ, ನಿಮಗೆ ಬರುತ್ತಲ್ಲ" ಅಂದರು. ಬರುತ್ತೆ ಅಂದೆ. ಬರುತ್ತಿರಲಿಲ್ಲ.

ಬ್ರೌನ್ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಗಾಲ್ಫ್‌ನಲ್ಲಿ ಚೆಂಡು ಕೊನೆಗೆ ಬೀಳಬೇಕಾದ ಕುಳಿ ನಾಲ್ಕೂಕಾಲು ಇಂಚು ಅಗಲ, ಅಂದರೆ 108 ಮಿ.ಮೀ. ಅದರ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿದ್ದರೆ ಅದು ಗ್ರೀನ್. ನೀರಿಲ್ಲದ ಕಡೆ ಹುಲ್ಲು ಎಲ್ಲಿಂದ ತರೋದು? ಮರಳಿಗೆ ಹಳೇ ಎಂಜಿನ್ ಆಯಿಲ್ ಕಲಸಿ ದುಂಡಗೆ ಹರಡಿ ರೋಲರ್ ಎಳೆಯುತ್ತಾರೆ. ಆಯಿಲ್ ಇದ್ದರೆ ಮರಳು ಗಾಳಿಗೆ ಹಾರಲ್ಲ. ಅದೇ ಬ್ರೌನ್. ದೂರದಿಂದ ನೋಡಿದರೆ ರೊಟ್ಟಿ ಹಂಚನ್ನು ನೆಲದ ಮೇಲಿಟ್ಟ ಹಾಗೆ ಕಾಣುತ್ತದೆ. ಚೆಂಡು ಬಂದು ಅದರ ಮೇಲೆ ನಿಂತಾಗ ಕ್ಯಾಡಿ, ಅಂದರೆ ಆಟಗಾರನ ಚೀಲ ಹೊರುವವನು, ಒಂದು ಹಲಗೆ ಎಳೆದುಕೊಂಡು ಹೋಗಿ, ಚೆಂಡಿನಿಂದ ಕುಳಿಯವರೆಗೆ ನೆಟ್ಟಗೆ ಒಂದು ದಾರಿ ಸವರಿಕೊಡುತ್ತಾನೆ. ಆಟಗಾರ ಆ ದಾರಿಯಲ್ಲಿ ಚೆಂಡು ತಳ್ಳುತ್ತಾನೆ.

ಅಲ್ಲಿ ಒಬ್ಬರು ಹಿರಿಯ ಕ್ಯಾಡಿ ಇದ್ದರು. ಎಲ್ಲರೂ ತಾತ ಅಂತಲೇ ಕರೆಯುತ್ತಿದ್ದರು. ಅವರು ಹಲಗೆ ಎಳೆದರೆ ಮರಳಿನ ಮೇಲೆ ಇಸ್ತ್ರಿ ಹೊಡೆದ ಗೆರೆ ಬೀಳುತ್ತಿತ್ತು. ಬ್ರೌನ್‌ನಲ್ಲಿ ಏರಿಲ್ಲ, ಇಳಿಜಾರಿಲ್ಲ. ಎಡದಿಂದ ಬಂದರೂ ಒಂದೇ, ಬಲದಿಂದ ಬಂದರೂ ಒಂದೇ. ಈ ಮಾತಿನ ಬೆಲೆ ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ನಾಲ್ಕನೇ ಹೋಲ್ ಕಥೆಯನ್ನೇ ಹೇಳುತ್ತೇನೆ. ನಾನು ಎಲ್ಲ ತಪ್ಪೂ ಮಾಡಿ ಕಲಿತದ್ದು ಅಲ್ಲೇ. ಹೋಲ್ ಅಂದರೆ ಬರೀ ಕುಳಿಯಲ್ಲ, ಮೊದಲ ಹೊಡೆತ ಹೊಡೆಯುವ ಜಾಗದಿಂದ (ಅದಕ್ಕೆ ಟೀ ಅಂತಾರೆ) ಕುಳಿಯವರೆಗಿನ ಇಡೀ ದಾರಿ. ಇಲ್ಲಿ ಟೀಯಿಂದ ಕುಳಿಗೆ 310 ಗಜ, ಪಶ್ಚಿಮಕ್ಕೆ ನೆಟ್ಟಗೆ. ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಬಳ್ಳಾರಿ ಜಾಲಿ. ಈ ಮುಳ್ಳುಗಿಡ ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಹೆಸರು ಮಾತ್ರ ನಮ್ಮೂರಿಗೆ ಅಂಟಿಕೊಂಡಿದೆ. ಸ್ವಲ್ಪ ಅಡ್ಡ ಹೋದ ಚೆಂಡು ಜಾಲಿಯೊಳಗೆ ಮಾಯ. ಕೈ ಹಾಕಿದರೆ ರಕ್ತ. ಹಾಗಾಗಿ ಆ ಹೋಲ್‌ನಲ್ಲಿ ಯಾರೂ ಯೋಚಿಸುತ್ತಿರಲಿಲ್ಲ, ಸುಮ್ನೆ ಹೆದರುತ್ತಿದ್ದರು. ಜೋರಾಗಿ ನೆಟ್ಟಗೆ ಹೊಡೆಯುವವನು ಗೆದ್ದ, ಉಳಿದವರು ಚೆಂಡು ಹುಡುಕಿದರು.

ನಾನು ಮೊದಲು ಮಾಡಿದ್ದೇನು? ಜಾಲಿಯನ್ನು ಹಾಗೇ ಬಿಟ್ಟೆ. ಗ್ರೀನ್ ಮಾಡಿ ಅದರ ಮುಂದೆ, ಪಕ್ಕ, ಹಿಂದೆ ಒಟ್ಟು ಐದು ಬಂಕರ್ ತೋಡಿಸಿದೆ. ಟಿವಿಯಲ್ಲಿ ನೋಡಿದ್ದೆನಲ್ಲ, ಬಿಳಿ ಮರಳಿನ ಗುಂಡಿ ಜಾಸ್ತಿ ಇದ್ದಷ್ಟೂ ದೊಡ್ಡ ಕೋರ್ಸ್ ಅಂದುಕೊಂಡಿದ್ದೆ. ಗ್ರೀನ್‌ಗೆ ಓರೆ ಕೊಡಬೇಕು ಅಂತ ಎಲ್ಲೋ ಓದಿ, ನೂರಕ್ಕೆ ಆರರಷ್ಟು ಓರೆ ಕೊಟ್ಟೆ. ಕಾಲುವೆಯ ಮನುಷ್ಯ ನಾನು. ನೀರು ನಿಲ್ಲಬಾರದು ಅನ್ನೋದೊಂದೇ ನನ್ನ ತಲೆಯಲ್ಲಿದ್ದದ್ದು.

ನೀರು ನಿಲ್ಲಲಿಲ್ಲ. ಚೆಂಡೂ ನಿಲ್ಲಲಿಲ್ಲ. ಹುಲ್ಲನ್ನು ಐದು ಮಿ.ಮೀ.ಗೆ ಕತ್ತರಿಸಿದ ಮೊದಲ ದಿನ ಮೇಲಿನ ಅಂಚಿನಲ್ಲಿ ಒಂದು ಚೆಂಡು ಇಟ್ಟೆ. ಅದು ಒಂದು ಸಲ ಅಲುಗಾಡಿತು. ಮೆಲ್ಲಗೆ ಹೊರಟಿತು. ಕುಳಿಯ ಪಕ್ಕದಲ್ಲೇ ಹಾದು, ಗ್ರೀನ್ ದಾಟಿ, ನನ್ನದೇ ಬಂಕರ್‌ನಲ್ಲಿ ಹೋಗಿ ಕೂತಿತು. ತಾತ ಹಲಗೆಗೆ ಒರಗಿ ನಿಂತು ನೋಡುತ್ತಿದ್ದರು. "ಸಾರ್, ಇದು ಗ್ರೀನ್ ಅಲ್ರೀ, ಜಾರುಬಂಡಿ ಐತಿ" ಅಂದರು.

ಆರು ತಿಂಗಳು ಅದರ ಮೇಲೇ ಆಡಿದರು, ಪಾಪ. ನಾಲ್ಕನೇ ಹೋಲ್‌ನಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ವಯಸ್ಸಾದವರು ಮೂರು ಮುಗಿಸಿ ಕ್ಯಾಂಟೀನ್ ಕಡೆ ತಿರುಗುತ್ತಿದ್ದರು. ಕಮಿಟಿಯವರು ಕರೆದು ಏನೂ ಬೈಯಲಿಲ್ಲ. ಚಹಾ ಕುಡಿಸಿ ಕಳಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನೇ ಆಡಲು ಕಲಿತೆ. ಇದನ್ನು ಮೊದಲೇ ಮಾಡಬೇಕಿತ್ತು ಅಲ್ವಾ? ಕೆಟ್ಟದಾಗಿ ಆಡುತ್ತೇನೆ, ಆದರೆ ಚೆಂಡು ನೆಲದ ಮೇಲೆ ಏನು ಮಾಡುತ್ತದೆ ಅನ್ನುವುದು ಕಾಲಿಗೆ ಗೊತ್ತಾಯಿತು. ಜೊತೆಗೆ ಬೇರೆ ಕಡೆ ಜನ ಏನು ಮಾಡಿದ್ದಾರೆ ಅಂತ ರಾತ್ರಿ ಕೂತು ಓದಿದೆ. ಈಗ ಪೂರ್ತಿ ಸುತ್ತು ಅಂದರೆ 18 ಹೋಲ್ ಅಂತ ಆಗಿರುವುದಕ್ಕೂ ಒಂದು ಬದಲಾವಣೆಯೇ ಕಾರಣ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮೊದಲು ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. ಕೆಲವು ತುಂಬಾ ಚಿಕ್ಕದಾಯಿತು ಅಂತ 1764ರಲ್ಲಿ ಅವನ್ನು ಜೋಡಿಸಿದರು, 18 ಉಳಿಯಿತು.

ನನ್ನ ತಲೆ ತಿರುಗಿಸಿದ್ದು ಪೈನ್‌ಹರ್ಸ್ಟ್ ನಂಬರ್ 2 ಅನ್ನುವ ಕೋರ್ಸ್. ಅಮೆರಿಕದ ನಾರ್ತ್ ಕ್ಯಾರೊಲಿನಾದ್ದು, 1907ರಲ್ಲಿ ಡೊನಾಲ್ಡ್ ರಾಸ್ ಮಾಡಿದ್ದು. ಮೂಲದಲ್ಲಿ ಅದು ಮರಳು ನೆಲ, ಒರಟು ಹುಲ್ಲಿನ ಜಾಗ. ಬರಬರುತ್ತಾ ಎಲ್ಲ ಕಡೆ ಹುಲ್ಲುಹಾಸು ತುಂಬಿ, ನೀರು ಸುರಿದು, ಹಸಿರು ಜಮಖಾನೆ ಮಾಡಿಬಿಟ್ಟಿದ್ದರು. 2010-11ರಲ್ಲಿ ಕೋರ್ಸ್ ವಿನ್ಯಾಸ ಮಾಡುವ ಬಿಲ್ ಕೂರ್, ಬೆನ್ ಕ್ರೆನ್‌ಶಾ ಇಬ್ಬರೂ ಸೇರಿ ಸುಮಾರು 35 ಎಕರೆ ಹುಲ್ಲು ಕಿತ್ತು ಹಳೇ ಮರಳನ್ನು ಮತ್ತೆ ಹೊರಗೆ ತಂದರು. 1,150ರಷ್ಟಿದ್ದ ಸ್ಪ್ರಿಂಕ್ಲರ್‌ಗಳನ್ನು ಸುಮಾರು 450ಕ್ಕೆ ಇಳಿಸಿದರು. ಫೇರ್‌ವೇಗಳನ್ನು, ಅಂದರೆ ಟೀಯಿಂದ ಗ್ರೀನ್‌ವರೆಗೆ ಹುಲ್ಲು ಕತ್ತರಿಸಿದ ದಾರಿಗಳನ್ನು, ಅಗಲ ಮಾಡಿದರು. 2014ರಲ್ಲಿ ಗಂಡಸರ ಯು.ಎಸ್. ಓಪನ್ ಗಾಲ್ಫ್ ಟೂರ್ನಮೆಂಟ್, ಮುಂದಿನ ವಾರವೇ ಹೆಂಗಸರದ್ದು, ಎರಡೂ ಅಲ್ಲೇ ನಡೆದವು. ಜಾಗ ಅಗಲವಾದರೂ ಆಟ ಸಸಾರವಾಗಲಿಲ್ಲ. ಕಷ್ಟ ಬೇರೆ ಕಡೆ ಹೋಗಿ ಕೂತಿತು, ಅಷ್ಟೆ. ಅದು ಎಲ್ಲಿ ಹೋಗಿ ಕೂತಿತು ಅನ್ನುವುದೇ ನನಗೆ ಬೇಕಾಗಿದ್ದದ್ದು.

ಇದನ್ನೆಲ್ಲ ಓದುತ್ತಿದ್ದಾಗಲೇ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹೋಗುವುದನ್ನು ಟಿವಿಯಲ್ಲಿ ನೋಡುತ್ತಾ ಕೂತವರಲ್ಲಿ ನಾನೂ ಒಬ್ಬ. ಅಣ್ಣನ ಎರಡೆಕರೆ ಭತ್ತ ಅದೇ ಕಾಲುವೆಗೆ. ಮರುದಿನ ಕೋರ್ಸಿಗೆ ಹೋದರೆ ರಫ್‌ಗೆ, ಅಂದರೆ ಚೆಂಡು ಹೋಗಲೇಬಾರದ ಜಾಗಕ್ಕೆ, ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಅದು ಕಾಲೊನಿಯ ಬಳಸಿದ ನೀರನ್ನು ಶುದ್ಧ ಮಾಡಿ ಬಿಡುವ ನೀರೇ, ಕಾಲುವೆಯದ್ದಲ್ಲ. ಆದರೂ ನೋಡಲಾಗಲಿಲ್ಲ. ವಾಲ್ವ್ ಬಂದ್ ಮಾಡಿಸಿದೆ. ಮತ್ತೆ ತೆರೆಯಲೇ ಇಲ್ಲ.

ಎರಡನೇ ಸಲದ ಕೆಲಸ ಶುರುವಾಗಿದ್ದು ಅಲ್ಲಿಂದ. ಮೊದಲು ಜಾಲಿ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರು ಸಮೇತ ಜೆಸಿಬಿಯಲ್ಲಿ ಕೀಳಬೇಕು. ಇದ್ದಿಲು ಸುಡುವವರು ಬಂದು ಕಟ್ಟಿಗೆ ಒಯ್ದರು. ಗೋಡೆ ಬಿದ್ದ ಮೇಲೆ ನೋಡಿದರೆ, ಎಡಗಡೆ ಟೀಯಿಂದ ಸುಮಾರು 170 ಗಜದಲ್ಲಿ ಎತ್ತು ಮಲಗಿದ ಹಾಗೆ ಒಂದು ಬಂಡೆ! ಅಷ್ಟು ವರ್ಷ ಜಾಲಿಯೊಳಗೆ ಇತ್ತು, ಯಾರೂ ನೋಡಿರಲಿಲ್ಲ. ಒಡೆಸಿಬಿಡೋಣ ಅಂದರು ಒಬ್ಬರು. ಬೇಡ ಅಂದೆ. ಇಡೀ ಹೋಲ್ ಅದರ ಮೇಲೆ ನಿಂತಿದೆ ಈಗ.

ಬಂಕರ್‌ಗಳಲ್ಲಿ ನಾಲ್ಕು ಮುಚ್ಚಿಸಿದೆ. ಗ್ರೀನ್ ಅಗೆಸಿದೆ. ನಮ್ಮ ನೆಲದಡಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹುಲ್ಲು ಕೂರಿಸಿದರೆ ಗ್ರೀನ್ ಅಲೆಅಲೆ ಆಗುತ್ತದೆ. ಅದನ್ನು ತೆಗೆದು ಗರಸು ಹಾಕಿ ಬಿಗಿ ಮಾಡಿ, ಪೈಪ್ ಹಾಕಿ, ನಾಲ್ಕು ಇಂಚು ಜಲ್ಲಿ, ಮೇಲೆ ಹನ್ನೆರಡು ಇಂಚು ಜರಡಿ ಹಿಡಿದ ಮರಳು. ಎಂ-ಸ್ಯಾಂಡ್ ನಡೆಯಲ್ಲ, ಅದರ ಹುಡಿ ಕಟ್ಟಿಕೊಂಡು ನೀರು ಇಳಿಯಲು ಬಿಡುವುದಿಲ್ಲ. ಹುಲ್ಲು ಯಾವುದು ಅಂತೀರಾ? ಗಣಪತಿಗೆ ಏರಿಸುವ ಗರಿಕೆಯ ಬಳಗವೇ, ಬರ್ಮುಡಾ ಅಂತ ಹೆಸರು. ಗ್ರೀನ್‌ಗೆ ಹಾಕುವ ಟಿಫ್‌ಡ್ವಾರ್ಫ್ ತಳಿ ಬೀಜ ಕಟ್ಟುವುದಿಲ್ಲ, ತುಂಡು ನೆಟ್ಟು ಬೆಳೆಸಬೇಕು. ಊರಿನ ಗರಿಕೆ ಅಂಚಿನಿಂದ ಒಳಗೆ ನುಗ್ಗುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಇಬ್ಬರು ಹೆಣ್ಣುಮಕ್ಕಳು ಮಂಡಿಯೂರಿ ಕೂತು ಅದನ್ನು ಆಯುತ್ತಾರೆ, ಅಕ್ಕಿಯಲ್ಲಿ ಕಲ್ಲು ಆಯ್ದ ಹಾಗೆ.

ಈಗ ಓರೆ. ಈ ಸಲ ನೂರಕ್ಕೆ ಎರಡು, ಹೆಚ್ಚೆಂದರೆ ಮೂರು. ಬಲಗಡೆ ಎತ್ತರ, ಎಡಗಡೆ ತಗ್ಗು. ಇದರಿಂದ ಏನಾಯಿತು ನೋಡಿ. ಎಡದಿಂದ ಬರುವ ಚೆಂಡು ಏರಿಗೆ ಎದುರಾಗಿ ಬಿದ್ದು ನಿಲ್ಲುತ್ತದೆ. ಬಲದಿಂದ ಬರುವ ಚೆಂಡು ಇಳಿಜಾರಿನ ಜೊತೆ ಓಡಿ, ಉಳಿಸಿಕೊಂಡ ಒಂದೇ ಬಂಕರ್‌ಗೆ ಬೀಳುತ್ತದೆ. ಹಾಗಾದರೆ ಎರಡನೇ ಹೊಡೆತಕ್ಕೆ ಎಡಗಡೆ ಇರಬೇಕು. ಎಡಗಡೆ ಬಂಡೆ ಇದೆ! ಬಲಗಡೆ ಬೇಕಾದಷ್ಟು ಬಯಲು, ಯಾರು ಬೇಕಾದರೂ ಹೊಡೆಯಬಹುದು. ಆದರೆ ಅಲ್ಲಿಂದ ಕುಳಿ ದೂರವಲ್ಲದಿದ್ದರೂ ದಾರಿ ಕಷ್ಟ. ಬಂಡೆಯ ಪಕ್ಕಕ್ಕೆ ಹೋಗುವ ಧೈರ್ಯ ಮಾಡಿದವನಿಗೆ ಮುಂದಿನದು ಸುಲಭ. ಇದಿಷ್ಟೂ ಹೊರಟಿದ್ದು ಗ್ರೀನ್‌ನ ಒಂದು ಸಣ್ಣ ಓರೆಯಿಂದ, 310 ಗಜ ಹಿಂದಕ್ಕೆ. ಬ್ರೌನ್ ಇದ್ದಾಗ ಈ ಆಟವೇ ಇರಲಿಲ್ಲ, ಯಾಕೆಂದರೆ ತಾತನ ಹಲಗೆ ಎಲ್ಲರಿಗೂ ಒಂದೇ ನೆಟ್ಟಗಿನ ದಾರಿ ಕೊಡುತ್ತಿತ್ತು.

ಆಷಾಢದಲ್ಲಿ ಇನ್ನೂ ಮಜಾ. ಪಶ್ಚಿಮದ ಗಾಳಿ ಎದೆಗೆ ಹೊಡೆಯುತ್ತದೆ. ಬಂಡೆ ದಾಟಿಸುತ್ತಿದ್ದ ಗಟ್ಟಿ ಹುಡುಗರ ಚೆಂಡು ಬಂಡೆಗೇ ಬಡಿದು ವಾಪಸ್ ಬರುತ್ತದೆ. ನಿವೃತ್ತ ಟೀಚರ್ ಅಮ್ಮ ಒಬ್ಬರಿದ್ದಾರೆ, ಒಂದೇಟಿಗೆ 130 ಗಜ ದಾಟಿದ್ದಿಲ್ಲ. ಅವರು ಬಂಡೆಗೆ ಈಚೆ ಎಡಕ್ಕೆ ಒಂದು, ಅದರ ಪಕ್ಕದಲ್ಲೇ ಮುಂದಕ್ಕೆ ಒಂದು, ಗ್ರೀನ್ ಮೇಲೆ ಒಂದು. ಹೋದ ಆಷಾಢದಲ್ಲಿ ಆ ಹುಡುಗರಿಂದ ಒಂದು ಸುತ್ತಿನ ಚಹಾ ಗೆದ್ದರು.

ರಫ್ ಈಗ ಬರೀ ಮಣ್ಣು, ಕಲ್ಲು, ಅಲ್ಲಲ್ಲಿ ತಂತಾನೇ ಬಂದ ಹುಲ್ಲು. ಚೆಂಡು ಸಿಗುತ್ತದೆ, ಆದರೆ ಹೇಗೆ ಕೂತಿರುತ್ತದೋ ಹೇಳಲಾಗದು. ಹೊಸದಾಗಿ ನೋಡುವವರು "ಇನ್ನೂ ಕೆಲಸ ಮುಗಿದಿಲ್ವಾ?" ಅಂತ ಕೇಳುತ್ತಾರೆ. ಕಮಿಟಿಯಲ್ಲಿ ಇಬ್ಬರಿಗೆ ಈಗಲೂ ಪೂರ್ತಿ ಹಸಿರೇ ಬೇಕು. ಜಗಳ ನಡೆದೇ ಇದೆ.

ಖರ್ಚೇ ಇಲ್ಲದ ಒಂದು ಬದಲಾವಣೆಯೂ ಮಾಡಿದೆವು. ಹಳೇ ಒಂದನೇ ಹೋಲ್ ಪೂರ್ವಕ್ಕಿತ್ತು. ಬೆಳಗ್ಗೆ ಆರೂವರೆಗೆ ಸೂರ್ಯ ನೇರ ಕಣ್ಣಿಗೆ, ಹೊಡೆದ ಚೆಂಡು ಎತ್ತ ಹೋಯಿತು ಅಂತಲೇ ಗೊತ್ತಾಗದು. ಆರನೆಯದನ್ನು ಒಂದನೆಯದು ಮಾಡಿ ನಂಬರ್ ತಿರುಗಿಸಿದೆವು. ಅಮೆರಿಕದ ಹೆಸರಾಂತ ಅಗಸ್ಟಾ ನ್ಯಾಷನಲ್‌ನಂಥಾ ಕೋರ್ಸೇ 1934ರ ಮೊದಲ ಟೂರ್ನಮೆಂಟ್ ಆದ ಮೇಲೆ ತನ್ನ ಮೊದಲ ಒಂಬತ್ತು, ಕೊನೆಯ ಒಂಬತ್ತು ಹೋಲ್‌ಗಳನ್ನು ಅದಲುಬದಲು ಮಾಡಿಕೊಂಡಿದೆ, ನಮ್ಮದೇನು. ಈಗ ಲೆಕ್ಕದಲ್ಲಿ ನಾಲ್ಕನೆಯದು ಎಂಟನೆಯದು. ಯಾರೂ ಹಾಗೆ ಕರೆಯಲ್ಲ.

ತಾತನಿಗೆ ಮಾತ್ರ ಮನಸ್ಸಿಗೆ ಆಗಲಿಲ್ಲ. ಗ್ರೀನ್ ಬಂದ ಮೇಲೆ ಹಲಗೆಗೆ ಕೆಲಸವಿಲ್ಲ. "ಮೊದ್ಲು ನಾನು ದಾರಿ ಹಾಕಿಕೊಡ್ತಿದ್ದೆ, ಈಗ ಅವರಾ ನೋಡ್ಕಂತಾರ" ಅಂದರು ಒಂದು ದಿನ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಂಟೀನ್ ಪಕ್ಕದ ಅಭ್ಯಾಸದ ಬ್ರೌನ್ ಒಂದನ್ನು ಕೀಳದೆ ಬಿಟ್ಟಿದ್ದೇನೆ. ಭಾನುವಾರ ಕಾಲೊನಿ ಮಕ್ಕಳು ಅಲ್ಲಿ ಸೇರುತ್ತಾರೆ. ತಾತ ಹಲಗೆ ಎಳೆಯುತ್ತಾರೆ, ಮಕ್ಕಳು ಆಯಿಲ್ ವಾಸನೆಗೆ ಮೂಗು ಮುಚ್ಚಿಕೊಂಡೇ ಸರದಿಗೆ ನಿಲ್ಲುತ್ತಾರೆ.