ತುತ್ತು ಉಣ್ಣದ ದಿನವೂ ಸೂಜಿ ಬಿಡಲಿಲ್ಲ

ನನ್ನ ಮಗಳಿಗೆ ಟೈಪ್ ಒನ್ ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಬಂದಾಗ 5 ವರ್ಷ, ಈಗ 9. ನಡುವೆ ನೆಗಡಿ, ಜ್ವರ ಎಷ್ಟು ಬಂದು ಹೋದವೋ ಲೆಕ್ಕವಿಲ್ಲ. ಮೊದಲನೇ ಸಲದ್ದು ಮಾತ್ರ ಇನ್ನೂ ಕಣ್ಣಮುಂದಿದೆ. ರಾತ್ರಿಯಿಡೀ ವಾಂತಿ. ನಮ್ಮತ್ತಿ, "ಕೂಸು ತುತ್ತು ಉಂಡಿಲ್ಲ, ಸೂಜಿ ಯಾಕ ಚುಚ್ಚತಿ?" ಅಂದರು. ನನಗೂ ಖರೇ ಅನ್ನಿಸಿ ಇನ್ಸುಲಿನ್ ಬಿಟ್ಟೆ. ಮರುದಿನ ಮಧ್ಯಾಹ್ನಕ್ಕೆ ಹೊಟ್ಟೆನೋವು, ಓಡಿ ಬಂದವರಂತೆ ಆಳವಾದ ಉಸಿರು, ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ಕೀಟೋಆಸಿಡೋಸಿಸ್ ಅಂದರು. ಮೂರು ದಿನ ಐಸಿಯು.

ಉಣ್ಣದಿದ್ದರೂ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ, ಜ್ವರ ಅದನ್ನು ಇನ್ನಷ್ಟು ಏರಿಸುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಮೈ ಕೊಬ್ಬು ಕರಗಿಸಿಕೊಳ್ಳುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ಹುಟ್ಟಿ ರಕ್ತ ಆಮ್ಲವಾಗುತ್ತದೆ; ಅದೇ ಕೀಟೋಆಸಿಡೋಸಿಸ್. ಇದನ್ನು ಅತ್ತಿಗೂ ಕೂರಿಸಿಕೊಂಡು ಹೇಳಿದೆ. ಈಗ ಅವರೇ, "ಉದ್ದಾನ ಸೂಜಿ ಆಯ್ತೇನ?" ಅಂತ ಕೇಳುತ್ತಾರೆ. ಹೊತ್ತು ಪೂರ್ತಿ ಕೆಲಸ ಮಾಡುವ ಇನ್ಸುಲಿನ್‌ಗೆ ನಮ್ಮನೆಯಲ್ಲಿ ಅದೇ ಹೆಸರು.

ಹೋದ ಮೇ ತಿಂಗಳಲ್ಲಿ ಜ್ವರ ಬಂತು. ಕಲಬುರಗಿ ಬಿಸಿಲು, ಮೇಲೆ ಕರೆಂಟು ಹೋಗುವ ಕಾಟ. ಬಳಸುತ್ತಿದ್ದ ಇನ್ಸುಲಿನ್ ಪೆನ್ನನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ತಂಪಾಗಿರಲೆಂದು ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯಲ್ಲಿಟ್ಟೆ. ಸಂಜೆ ಸಕ್ಕರೆ 318. ಮೂತ್ರದಲ್ಲಿ ಅದ್ದಿದ ಕೀಟೋನ್ ಪಟ್ಟಿ ನೇರಳೆಗೆ ತಿರುಗಿತು, ಅಂದರೆ ಕೀಟೋನ್ ಏರಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ದಿನದ ಒಟ್ಟು ಇನ್ಸುಲಿನ್ 20 ಯೂನಿಟ್. ಅದರ ಹತ್ತನೇ ಒಂದು ಪಾಲು, 2 ಯೂನಿಟ್, ಬೇಗ ಕೆಲಸ ಮಾಡುವ ಇನ್ಸುಲಿನ್ ಹೆಚ್ಚಿಗೆ ಕೊಡಲು ಹೇಳಿದರು. ಆ ಲೆಕ್ಕ ನನ್ನ ಮಗಳದು, ಬೇರೆ ಮಗುವಿಗೆ ಅವರ ಡಾಕ್ಟರೇ ಹೇಳಬೇಕು.

ರಾತ್ರಿ ಎರಡು ತಾಸಿಗೊಮ್ಮೆ ಬೆರಳು ಚುಚ್ಚಿ ನೋಡಿದೆ. ಮಗು ಅಳುತ್ತಿತ್ತು, ಆದರೂ ನೋಡಿದೆ. ಐದೈದು ನಿಮಿಷಕ್ಕೆ ಚಮಚದಲ್ಲಿ ನೀರು, ಉಪ್ಪು ಹಾಕಿದ ಮಜ್ಜಿಗೆ. ಒಂದೇ ಸಲ ಲೋಟ ಕೊಟ್ಟರೆ ವಾಂತಿಯಾಗುತ್ತದೆ. ಬೆಳಗಿನ ಜಾವ ಸಕ್ಕರೆ 170ಕ್ಕೆ ಇಳಿಯಿತು, ಪಟ್ಟಿಯಲ್ಲಿ ಬಣ್ಣ ಇನ್ನೂ ಉಳಿದಿತ್ತು. ಆಗ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಕೀಟೋನ್ ಹೋಗಬೇಕಾದರೆ ಅದು ಬೇಕು, ಸಕ್ಕರೆ ಕುಸಿಯದಂತೆ ಜೊತೆಗೆ ಸಿಹಿಯೂ ಬೇಕು. ಓಆರ್‌ಎಸ್, ಬೆಲ್ಲದ ಅಂಬಲಿ ಕೊಟ್ಟೆ.

ಭೇದಿಯ ಜಡ್ಡು ಬೇರೆ ಥರ. ಒಮ್ಮೆ ಸಕ್ಕರೆ 68ಕ್ಕೆ ಬಿತ್ತು. ಆಗ ಡಾಕ್ಟರು ಡೋಸ್ ಕಡಿಮೆ ಮಾಡಿಸಿದರು, ಪೂರ್ತಿ ನಿಲ್ಲಿಸಲಿಲ್ಲ.

ನೀರೂ ನಿಲ್ಲದಷ್ಟು ವಾಂತಿ, ಮಂಪರು, ಆಳವಾದ ಉಸಿರು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯುವುದಿಲ್ಲ. ಬಾಗಿಲ ಹಿಂದೆ ಚೀಲ ತೂಗುಹಾಕಿದ್ದೇನೆ: ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ಡಾಕ್ಟರ ಚೀಟಿ. ಕೀಟೋನ್ ಪಟ್ಟಿ ನಮ್ಮ ಓಣಿಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ಹೇಳಿ ತರಿಸಬೇಕು. ಅದಕ್ಕೇ ಡಬ್ಬಿ ತೆರೆದ ದಿನವೇ ಮುಚ್ಚಳದ ಮೇಲೆ ತಾರೀಖು ಬರೆದು, ಇನ್ನೊಂದಕ್ಕೆ ಹೇಳಿಟ್ಟಿರುತ್ತೇನೆ.